ಸೋಡಾ ಅಂಗಡಿಯ ಮೂಲೆಯ ಸಿಲಿಂಡರು

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ಜತ್ತ ತಾಲ್ಲೂಕಿನಲ್ಲಿ ಮೊದಲು ಬಾಗಿಲು ತೆರೆಯುವುದು ಸೋಡಾ ಅಂಗಡಿ. ಉಮದಿ, ಸಂಖ, ಮಾಡಗ್ಯಾಳದಂತಹ ಊರುಗಳ ಬಸ್ಸು ನಿಲ್ಲುವ ಜಾಗದಲ್ಲಿ, ವಾರದ ಸಂತೆಯಲ್ಲಿ, ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಬರುವವರ ದಾರಿಯಲ್ಲಿ ನಿಂಬೆಹಣ್ಣು, ಉಪ್ಪು, ಸೋಡಾ ಬಾಟಲಿಗಳನ್ನು ಮುಂದಿಟ್ಟುಕೊಂಡು ಯಾರಾದರೊಬ್ಬರು ಕುಳಿತಿರುತ್ತಾರೆ. ಮಳೆಯನ್ನು ನಂಬುವಂತಿಲ್ಲದ ಈ ನಾಡಿನಲ್ಲಿ ಹೊಲದ ಆದಾಯ ಸಾಲದ ಮನೆಗಳಿಗೆ ಇಂತಹ ಸಣ್ಣ ವ್ಯಾಪಾರವೇ ನಾಲ್ಕು ತಿಂಗಳ ಆಸರೆ. ಸೋಡಾ ಸರಬತ್ತು ಕಾಸರಗೋಡಿನ ಓದುಗರಿಗೂ ಹೊಸತಲ್ಲ. ಅಲ್ಲಿನ ಸೆಕೆಗೂ ಇಲ್ಲಿನ ಬಿಸಿಲಿಗೂ ವ್ಯತ್ಯಾಸವಿದ್ದರೂ ಬಾಯಾರಿಕೆ ಒಂದೇ.

ಗಿರಾಕಿಯ ಕಣ್ಣು ಬಾಟಲಿಯ ಮೇಲಿರುತ್ತದೆ. ಅಂಗಡಿಯ ಹಿಂದಿನ ಮೂಲೆಯಲ್ಲಿ ನಿಂತ ಉದ್ದನೆಯ ಕಬ್ಬಿಣದ ಸಿಲಿಂಡರನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದಕ್ಕೆ ಎಲ್ಲರೂ ಹೇಳುವ ಹೆಸರು 'ಸೋಡಾ ಗ್ಯಾಸು'. ಅದು ಅಡುಗೆಮನೆಯ ಸಿಲಿಂಡರಿನ ದೊಡ್ಡಣ್ಣನೆಂದೂ, ಬೆಂಕಿ ಹತ್ತದ ಅನಿಲವಾದ್ದರಿಂದ ಅಂಜಿಕೆಯಿಲ್ಲವೆಂದೂ ಬಹುಮಂದಿ ತಿಳಿದಿದ್ದಾರೆ. ಎರಡೂ ತಿಳುವಳಿಕೆ ಸರಿಯಲ್ಲ. ಬೇಸಗೆ ರಜೆಯಲ್ಲಿ ತಂದೆಯ ಅಂಗಡಿಯಲ್ಲಿ ನಿಲ್ಲುವವರು ನಮ್ಮ ಶಾಲೆಗಳ ಮಕ್ಕಳೇ ಆಗಿರುವುದರಿಂದ, ಈ ವಿಷಯವನ್ನು ಕೊಂಚ ವಿವರವಾಗಿ ಹೇಳುವುದು ಅಗತ್ಯವೆಂದು ನಮಗೆ ತೋರಿತು.

ಹುಳಿಯುವ ತೊಟ್ಟಿಯಿಂದ ಬಂದ ಅನಿಲ

ಸೋಡಾದಲ್ಲಿ ನೊರೆಯೇಳಿಸುವುದು ಇಂಗಾಲದ ಡೈಆಕ್ಸೈಡ್ ಎಂಬ ಅನಿಲ. ಇದರ ಕಥೆ ಆರಂಭವಾದದ್ದು ಸೋಡಾ ಅಂಗಡಿಯಲ್ಲಲ್ಲ, ಬಿಯರ್ ತಯಾರಿಸುವ ಮನೆಯಲ್ಲಿ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ 1767ರಲ್ಲಿ, ಹುಳಿಯುತ್ತಿದ್ದ ಬಿಯರ್ ತೊಟ್ಟಿಯ ಮೇಲೆ ನಿಲ್ಲುತ್ತಿದ್ದ ಗಾಳಿಯನ್ನು ನೀರಿಗೆ ಸೇರಿಸಿ ನೋಡಿದನು. ಆ ನೀರು ನಾಲಗೆಗೆ ಚುರುಕಾಗಿ ಹಿತವಾಗಿತ್ತು. ಅದನ್ನು ಮಾಡುವ ವಿಧಾನವನ್ನು ಅವನು 1772ರಲ್ಲಿ ಅಚ್ಚು ಹಾಕಿಸಿದನು. ಜಿನೀವಾದ ಜೇಕಬ್ ಶ್ವೆಪ್ ಎಂಬಾತ 1783ರಲ್ಲಿ ಇದನ್ನೇ ಉದ್ಯಮವಾಗಿ ಬೆಳೆಸಿದನು. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರು 1872ರಲ್ಲಿ ಕತ್ತಿನೊಳಗೆ ಗಾಜಿನ ಗೋಲಿಯಿರುವ ಬಾಟಲಿಗೆ ಹಕ್ಕುಪತ್ರ ಪಡೆದನು. ನಮ್ಮ ಗೋಲಿ ಸೋಡಾ ಅದೇ ಬಾಟಲಿಯ ಸಂತತಿ.

ಇಂದಿಗೂ ಈ ಅನಿಲದ ಒಂದು ಮುಖ್ಯ ಮೂಲ ಹುಳಿಯುವಿಕೆಯೇ ಆಗಿದೆ. ಸಾಂಗಲಿ ಜಿಲ್ಲೆ ಕಬ್ಬಿನ ನಾಡೆಂದು ಹೆಸರಾದದ್ದು. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿಯಿಸಿದಾಗ ಮದ್ಯಸಾರದ ಜೊತೆಗೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. 180 ಗ್ರಾಂ ಗ್ಲೂಕೋಸು ಪೂರ್ತಿಯಾಗಿ ಹುಳಿತರೆ 92 ಗ್ರಾಂ ಮದ್ಯಸಾರವೂ 88 ಗ್ರಾಂ ಅನಿಲವೂ ದೊರೆಯುತ್ತವೆ. ಎಂದರೆ ಹೆಚ್ಚುಕಡಿಮೆ ಸರಿಪಾಲು. ಇಂತಹ ಅನಿಲವನ್ನು ಹಿಡಿದು, ಶುದ್ಧಗೊಳಿಸಿ, ಒತ್ತಿ ದ್ರವವನ್ನಾಗಿ ಮಾಡಿ ಉಕ್ಕಿನ ಸಿಲಿಂಡರಿಗೆ ತುಂಬುತ್ತಾರೆ. ವಿದೇಶಗಳಲ್ಲಿ ಮನೆಯಲ್ಲೇ ಬಿಯರು ಮಾಡುವ ಹವ್ಯಾಸಿಗಳು ಬಳಸುವುದೂ ಇದೇ ಬಗೆಯ ಸಿಲಿಂಡರನ್ನು. ನಮ್ಮಲ್ಲಿ ಅದು ಸೋಡಾ ಅಂಗಡಿಗೆ ಬಂದು ನಿಂತಿದೆ. ಪೇಟೆಯ ಕೆಲವು ಮನೆಗಳಿಗೆ ಸೋಡಾ ಮಾಡುವ ಪುಟ್ಟ ಯಂತ್ರದ ಜೊತೆ ಪುಟ್ಟ ರೂಪದಲ್ಲಿ ಕಾಲಿಟ್ಟಿದೆ. ಗಾತ್ರ ಯಾವುದಾದರೂ ಗುಣ ಒಂದೇ.

ಮೂವತ್ತೊಂದು ಡಿಗ್ರಿಯ ಗುಟ್ಟು

ಮೋಟರ್ ಸೈಕಲ್ಲಿನ ಟೈರಿನಲ್ಲಿ ನಾವು ತುಂಬುವ ಗಾಳಿಯ ಒತ್ತಡ ವಾಯುಮಂಡಲದ ಒತ್ತಡದ ಎರಡು ಪಟ್ಟಿನ ಆಸುಪಾಸಿನದು. ಅಡುಗೆ ಅನಿಲದ ಸಿಲಿಂಡರಿನೊಳಗೆ ಸಾಧಾರಣ ಹವೆಯಲ್ಲಿ ಹತ್ತು ಪಟ್ಟಿನ ಒಳಗೇ ಇರುತ್ತದೆ. ಸೋಡಾ ಸಿಲಿಂಡರಿನೊಳಗಾದರೋ 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೂ ಸುಮಾರು 57 ಪಟ್ಟು! ಅಡುಗೆಮನೆಯ ಸಿಲಿಂಡರಿನ ಅಭ್ಯಾಸವನ್ನು ಇಲ್ಲಿಗೆ ತರಬಾರದೆನ್ನುವುದಕ್ಕೆ ಇದೇ ಮೊದಲ ಕಾರಣ. ಒಂದರ ರೆಗ್ಯುಲೇಟರನ್ನು ಇನ್ನೊಂದಕ್ಕೆ ಹೇಗಾದರೂ ಹೊಂದಿಸಿ ಕೂರಿಸಲು ಹೋಗುವುದು ಪ್ರಾಣದೊಡನೆ ಆಡುವ ಆಟ.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಇಂಗಾಲದ ಡೈಆಕ್ಸೈಡ್ 31 ಡಿಗ್ರಿಯವರೆಗೆ ಮಾತ್ರ ಒತ್ತಡಕ್ಕೆ ಮಣಿದು ದ್ರವವಾಗಿರಬಲ್ಲದು. ಅದನ್ನು ದಾಟಿದರೆ ಎಷ್ಟೇ ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ. ತುಂಬಿದ ಸಿಲಿಂಡರು ಬಿಸಿಯಾಗುತ್ತ ಹೋದಂತೆ ಒಳಗಿನ ದ್ರವ ಹಿಗ್ಗಿ ಖಾಲಿ ಜಾಗವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಆ ಮೇಲೆ ಒಂದೊಂದು ಡಿಗ್ರಿಗೂ ಒತ್ತಡ ಜಿಗಿಜಿಗಿದು ಏರುತ್ತದೆ. ಅಳತೆಗೆ ಸರಿಯಾಗಿ ತುಂಬಿದ ಸಿಲಿಂಡರಿನಲ್ಲಿಯೇ 40 ಡಿಗ್ರಿಗೆ ಅದು ವಾಯುಮಂಡಲದ ನೂರು ಪಟ್ಟನ್ನು ದಾಟುತ್ತದೆ. ಅಳತೆ ಮೀರಿ ತುಂಬಿದ್ದರೆ ಇನ್ನೂ ಬೇಗನೆ ಏರುತ್ತದೆ.

ಜತ್ತದ ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಅಪರೂಪವಲ್ಲ. ಅದು ನೆರಳಿನ ಲೆಕ್ಕ. ತಗಡಿನ ಮಾಡಿನ ಕೆಳಗೆ, ಬಿಸಿಲಿಗೆ ಮುಖ ಮಾಡಿದ ಗಾಡಿಯಲ್ಲಿ, ಬಾಗಿಲು ಮುಚ್ಚಿದ ಟೆಂಪೋದೊಳಗೆ ಕಬ್ಬಿಣ ಇನ್ನಷ್ಟು ಕಾಯುತ್ತದೆ. ಸಿಲಿಂಡರಿನ ಉಕ್ಕನ್ನು ಇಂತಹ ಒತ್ತಡ ತಡೆಯುವಂತೆಯೇ ಮಾಡಿರುತ್ತಾರೆ, ನಿಜ. ಅತಿಯಾದಾಗ ಒಡೆದು ಅನಿಲವನ್ನು ಹೊರಬಿಡುವ ತೆಳು ಬಿಲ್ಲೆಯೊಂದು ವಾಲ್ವಿನಲ್ಲಿ ಇರುತ್ತದೆ. ಆದರೆ ತುಕ್ಕು ತಿಂದ, ಬಿದ್ದು ಪೆಟ್ಟಾದ, ಪರೀಕ್ಷೆಯ ಕಾಲ ಮೀರಿದ ಸಿಲಿಂಡರು ಆ ಭರವಸೆಯನ್ನು ಉಳಿಸಿಕೊಂಡಿರುವುದಿಲ್ಲ. ಬಿಲ್ಲೆ ಇರುವ ಜಾಗದಿಂದ ಸೋರುತ್ತದೆಂದು ಅಲ್ಲಿಗೆ ಮೇಣವನ್ನೋ ಬೆಸುಗೆಯನ್ನೋ ಹಾಕಿ ಮುಚ್ಚುವವನು ತನ್ನ ಮನೆಯವರನ್ನೇ ಅಪಾಯದಲ್ಲಿ ಇಟ್ಟಂತೆ.

ಆದುದರಿಂದ ಮೊದಲ ನಿಯಮ ನೆರಳು. ಗೋಡೆಯ ತಂಪು ಬದಿಯಲ್ಲಿ, ಒಲೆಯಿಂದಲೂ ಕಾಯಿಸುವ ಬಾಣಲೆಯಿಂದಲೂ ದೂರದಲ್ಲಿ ಸಿಲಿಂಡರು ನಿಲ್ಲಬೇಕು. ಸೋಡಾ ಅಂಗಡಿಯಲ್ಲಿಯೇ ಮಿರ್ಚಿ ಭಜಿಯನ್ನೂ ಕರಿಯುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ವಾಸನೆಯಿಲ್ಲದ ವೈರಿ

ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ. ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಸೋಡಾ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದು ಹೊತ್ತಿಕೊಳ್ಳುವುದಿಲ್ಲ. ಆದರೆ ಉಸಿರಾಡುವ ಗಾಳಿಯ ಜಾಗವನ್ನು ತಾನು ಹಿಡಿಯುತ್ತದೆ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ನೆಲದ ಮೇಲೆ, ತಗ್ಗಿನಲ್ಲಿ ಬಂದು ಕೂರುತ್ತದೆ.

ನಮ್ಮ ಹಿರಿಯರಿಗೆ ಈ ಗುಣ ಹೆಸರಿಲ್ಲದೆಯೇ ಗೊತ್ತಿತ್ತು. ಬಿಜಾಪುರ, ಜತ್ತ ಸೀಮೆಯಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವನ್ನು ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಕಾಳು ಒಳಗೆ ಉಸಿರಾಡಿ ಇದೇ ಅನಿಲವನ್ನು ಬಿಟ್ಟಿರುತ್ತದೆ. ಹಗೇವನ್ನು ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡುವುದು ವಾಡಿಕೆ. ಕಾಸರಗೋಡಿನ ಕಡೆ ಗುಡ್ಡದೊಳಗೆ ನೀರಿಗಾಗಿ ಸುರಂಗ ಕೊರೆಯುವವರು ಮೊಂಬತ್ತಿಯ ಉರಿಯನ್ನು ನೋಡಿಕೊಂಡು ಮುಂದುವರಿಯುತ್ತಾರೆ. ಉರಿ ಕುಗ್ಗಿದರೆ ಹಿಂದೆ ಬರಬೇಕೆಂದೇ ಅರ್ಥ. ಆದರೆ ದೀಪದ ಪರೀಕ್ಷೆಯನ್ನೇ ಪೂರ್ತಿ ನಂಬುವಂತಿಲ್ಲ. ಗಾಳಿಯಲ್ಲಿ ಈ ಅನಿಲ ಶೇಕಡಾ 5 ಆಗುವಷ್ಟರಲ್ಲಿ ಮನುಷ್ಯನಿಗೆ ತಲೆನೋವು, ಏದುಸಿರು ಶುರುವಾಗುತ್ತದೆ; ದೀಪವಾದರೋ ಆಗಲೂ ಉರಿಯುತ್ತಲೇ ಇರಬಹುದು. ಶೇಕಡಾ 10 ದಾಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಸಹಜವಾದ ಗಾಳಿಯಲ್ಲಿ ಅದು ಇರುವುದು ಶೇಕಡಾ 0.04ರಷ್ಟು ಮಾತ್ರ.

ಆಫ್ರಿಕದ ಕ್ಯಾಮರೂನ್ ದೇಶದ ನ್ಯೋಸ್ ಸರೋವರದ ತಳದಲ್ಲಿ ಕರಗಿ ಕುಳಿತಿದ್ದ ಇದೇ ಅನಿಲ 1986ರ ಆಗಸ್ಟ್ 21ರ ರಾತ್ರಿ ಒಮ್ಮೆಲೇ ಮೇಲೆದ್ದು ಕಣಿವೆಗೆ ಹರಿಯಿತು. ಸುಮಾರು 1,700 ಜನ ಪ್ರಾಣ ಕಳೆದುಕೊಂಡರು. ದನಕರುಗಳು ಸಾವಿರಗಟ್ಟಲೆ ಸತ್ತವು. ಬೆಂಕಿಯಿಲ್ಲ, ಸಿಡಿತದ ಗಾಯವಿಲ್ಲ. ಅಲ್ಲಿ ನಡೆದದ್ದು ಉಸಿರುಗಟ್ಟುವಿಕೆ.

ಅಂಗಡಿಯ ಲೆಕ್ಕವನ್ನೂ ಮಾಡಿ ನೋಡೋಣ. ಒಂದು ಕಿಲೋ ದ್ರವ ಅನಿಲವಾದರೆ ಅರ್ಧ ಘನ ಮೀಟರಿಗಿಂತ ತುಸು ಹೆಚ್ಚಿನ ಜಾಗ ಹಿಡಿಯುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆ ಎಂದರೆ ಸುಮಾರು 28 ಘನ ಮೀಟರು. ಬಾಗಿಲು ಕಿಟಕಿ ಮುಚ್ಚಿದ ಅಂತಹ ಕೋಣೆಯಲ್ಲಿ ಎರಡೂವರೆ ಕಿಲೋ ಸೋರಿದರೆ ಸಾಕು, ಶೇಕಡಾ 5ರ ಹತ್ತಿರ ಬಂದಂತೆಯೇ. 30 ಕಿಲೋ ಹಿಡಿಯುವ ಸಿಲಿಂಡರು ರಾತ್ರಿಯೆಲ್ಲ ಸೋರಿದರೆ ಏನಾದೀತೆಂಬುದನ್ನು ಓದುಗರೇ ಊಹಿಸಬಹುದು. ಭಾರವಾದ ಅನಿಲ ಕೆಳಗೆ ನಿಲ್ಲುವುದರಿಂದ ಮೊದಲು ಅಪಾಯಕ್ಕೆ ಸಿಗುವವರು ಚಾಪೆಯ ಮೇಲೆ ಮಲಗಿದವರು ಮತ್ತು ಮಕ್ಕಳು. ಕಳ್ಳರ ಭಯಕ್ಕೆಂದು ಅಂಗಡಿಯೊಳಗೇ ಮಲಗುವ ರೂಢಿ ನಮ್ಮಲ್ಲಿದೆ. ಸಿಲಿಂಡರು ಇರುವ ಮುಚ್ಚಿದ ಕೋಣೆಯಲ್ಲಿ ಮಲಗಲೇಬಾರದು. ನೆಲದ ಮಟ್ಟದಲ್ಲಿ ಗಾಳಿ ಹಾಯುವ ಕಿಂಡಿಯೊಂದು ಗೋಡೆಯಲ್ಲಿ ಇರಲಿ. ಮೇಲಿನ ಕಿಟಕಿಯೊಂದೇ ಇಲ್ಲಿ ಸಾಲದು. ನೆಲಮಾಳಿಗೆಯಲ್ಲಿ, ತಗ್ಗಿನ ಕೋಣೆಯಲ್ಲಿ ಸಿಲಿಂಡರನ್ನು ಇಡುವುದು ಬೇಡ.

ಯಾರಾದರೂ ಒಳಗೆ ಕುಸಿದು ಬಿದ್ದುದು ಕಂಡರೆ ಥಟ್ಟನೆ ಒಳನುಗ್ಗಬಾರದು. ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಅಲ್ಲೇ ಬಿದ್ದ ಪ್ರಸಂಗಗಳನ್ನು ಬಾವಿಗಳ ವಿಚಾರದಲ್ಲಿ ನಾವೆಲ್ಲ ಕೇಳಿದ್ದೇವೆ. ಮೊದಲು ಹೊರಗಿನಿಂದ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು ಗಾಳಿ ಆಡಲು ಬಿಡಬೇಕು, ಜನರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು.

ನಿಲ್ಲಿಸುವುದು, ಸಾಗಿಸುವುದು, ತೆರೆಯುವುದು

ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಬೇಕು. ಮಲಗಿಸಿ ತೆರೆದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಆ ದ್ರವ ಹೊರಗೆ ಚಿಮ್ಮಿದರೆ ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಹಿಮವಾಗುತ್ತದೆ. ಚರ್ಮಕ್ಕೆ ತಗುಲಿದರೆ ಬೆಂಕಿ ಸುಟ್ಟಂತೆಯೇ ಸುಡುತ್ತದೆ. ನೆಟ್ಟಗೆ ನಿಲ್ಲಿಸಿದರಷ್ಟೇ ಸಾಲದು. ಗೋಡೆಗೆ ಗಟ್ಟಿ ಕೊಂಡಿ ಹೊಡೆದು ಸರಪಳಿಯಿಂದ ಬಿಗಿಯಬೇಕು. ದನ ಕಟ್ಟುವ ಸರಪಳಿಯಾದರೂ ಸರಿ. ಬಿದ್ದ ಸಿಲಿಂಡರಿನ ವಾಲ್ವು ಮುರಿದರೆ ಒಳಗಿನ ಒತ್ತಡವೆಲ್ಲ ಒಂದೇ ಕಡೆಯಿಂದ ಹೊರನುಗ್ಗಿ, ಅಷ್ಟು ತೂಕದ ಕಬ್ಬಿಣ ಬಾಣದಂತೆ ಹಾರುತ್ತದೆ. ಬಳಸದಿರುವಾಗ, ಸಾಗಿಸುವಾಗ ವಾಲ್ವಿನ ಮೇಲಿನ ಟೋಪಿ ಹಾಕಿಯೇ ಇರಬೇಕು. ನಮ್ಮಲ್ಲಿ ಬಹಳ ಬೇಗ ಕಳೆದುಹೋಗುವುದು ಆ ಟೋಪಿಯೇ.

ಸಾಗಣೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1884ರ ಸ್ಫೋಟಕ ಕಾಯಿದೆಯ ಕೆಳಗೆ ರಚಿಸಿದ 2016ರ ಗ್ಯಾಸ್ ಸಿಲಿಂಡರು ನಿಯಮಗಳು ತುಂಬಿದ ಸಿಲಿಂಡರನ್ನು ಸೈಕಲ್ಲಿನ ಮೇಲಾಗಲಿ ಮೋಟರ್ ಸೈಕಲ್ಲಿನ ಮೇಲಾಗಲಿ ಒಯ್ಯಕೂಡದೆನ್ನುತ್ತವೆ. ಈ ನಿಯಮಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. ಆದರೂ ಸಂತೆಯ ದಿನ ಇಬ್ಬರು ಸವಾರರ ನಡುವೆ ಸಿಲಿಂಡರು ಅಡ್ಡ ಮಲಗಿ ಹೋಗುವುದನ್ನು ನೋಡದವರಿಲ್ಲ. ನಾಲ್ಕು ಹುಡುಗರು ಸೇರಿ ನೆಲದ ಮೇಲೆ ಉರುಳಿಸುವುದೂ ಸರಿಯಲ್ಲ. ಕೈಗಾಡಿಗೆ ಕಟ್ಟಿ ನಿಲ್ಲಿಸಿ ಒಯ್ಯಬೇಕು.

ವಾಲ್ವನ್ನು ನಿಧಾನವಾಗಿ, ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು ತೆರೆಯಬೇಕು. ಸುತ್ತಿಗೆಯ ಪೆಟ್ಟಿನಿಂದ ತೆರೆಯುವ ವಾಲ್ವು ಬಳಕೆಗೆ ಯೋಗ್ಯವಲ್ಲದ ವಾಲ್ವು. ಅದನ್ನು ತುಂಬಿಸಿಕೊಟ್ಟವರಿಗೇ ಮರಳಿಸಬೇಕು. ಜೋಡಣೆಗಳು ಸೋರುತ್ತಿವೆಯೇ ಎಂದು ನೋಡಲು ಸೋಪಿನ ನೊರೆ ಹಚ್ಚಿದರೆ ಸಾಕು. ಗುಳ್ಳೆ ಎದ್ದಲ್ಲಿ ಸೋರಿಕೆ. ಗಿರಾಕಿಗಳ ನೂಕುನುಗ್ಗಲಿನಲ್ಲಿ ಒಂದೇ ಸಮನೆ ಅನಿಲ ಎಳೆದಾಗ ರೆಗ್ಯುಲೇಟರಿನ ಮೇಲೆ ಹಿಮ ಕಟ್ಟಿ ಅನಿಲ ಬರುವುದು ಕಡಿಮೆಯಾಗುತ್ತದೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಆಗ ಕುದಿನೀರು ಸುರಿಯುವುದಾಗಲಿ, ಕೆಳಗೆ ಬೆಂಕಿ ಹಿಡಿಯುವುದಾಗಲಿ ಕೂಡದು. ವಾಲ್ವು ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ.

ಎಷ್ಟು ಅನಿಲ ಉಳಿದಿದೆ ಎಂಬುದನ್ನು ಒತ್ತಡದ ಮುಳ್ಳು ಹೇಳುವುದಿಲ್ಲ. ಒಳಗೆ ದ್ರವ ಇರುವವರೆಗೆ, ಹವೆ ಬದಲಾಗದಿದ್ದರೆ, ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಹೇಳುವುದು ತಕ್ಕಡಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಹೆಗಲಿನ ಮೇಲೆ ಒತ್ತಿ ಬರೆದಿರುತ್ತಾರೆ; ಈಗಿನ ತೂಕದಿಂದ ಅದನ್ನು ಕಳೆದರೆ ಉಳಿದದ್ದು ಅನಿಲ. ಅಲ್ಲಿಯೇ ಪರೀಕ್ಷೆಯಾದ ದಿನಾಂಕವೂ ಇರುತ್ತದೆ. ಐದು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆಯಾಗಬೇಕು. ತುಂಬಿಸಿ ತರುವಾಗ ತೂಕ, ದಿನಾಂಕ ಎರಡನ್ನೂ ಓದಿ ನೋಡುವುದು ಒಂದು ನಿಮಿಷದ ಕೆಲಸ. ಕುಡಿಯುವ ಪದಾರ್ಥಕ್ಕೆ ತಕ್ಕ ಶುದ್ಧಿಯ ಅನಿಲವನ್ನೇ ಕೇಳಿ ಪಡೆಯಬೇಕೆಂಬುದನ್ನೂ ಇಲ್ಲಿ ನೆನಪಿಸಬೇಕು.

ಬಾಟಲಿಯ ಬಗೆಗೂ ಒಂದು ಮಾತು. ನೀರು ತಣ್ಣಗಿದ್ದಷ್ಟೂ ಅನಿಲ ಹೆಚ್ಚು ಕರಗುತ್ತದೆ. ಸಾಮಾನ್ಯ ಒತ್ತಡದಲ್ಲಿ ಹಿಮದಷ್ಟು ತಣ್ಣಗಿನ ಒಂದು ಲೀಟರು ನೀರು ಸುಮಾರು 1.7 ಲೀಟರು ಅನಿಲವನ್ನು ಹಿಡಿದರೆ, 30 ಡಿಗ್ರಿಯ ನೀರು ಹಿಡಿಯುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಬೆಚ್ಚಗಿನ ನೀರಿಗೆ ಖಾರ ಬರಿಸಲೆಂದು ಒತ್ತಡ ಏರಿಸುತ್ತ ಹೋಗುವುದರಿಂದ ಬಾಟಲಿ ಸಿಡಿಯುವ ಸಂಭವ ಹೆಚ್ಚು. ನೀರನ್ನು ಮೊದಲೇ ತಂಪು ಮಾಡಿಕೊಂಡವನಿಗೆ ಕಡಿಮೆ ಒತ್ತಡದಲ್ಲಿಯೇ ಒಳ್ಳೆಯ ಸೋಡಾ ಸಿಗುತ್ತದೆ, ಅನಿಲವೂ ಉಳಿಯುತ್ತದೆ. ಬಿರುಕು ಬಿಟ್ಟ, ಬಾಯಿ ಮುಕ್ಕಾದ ಬಾಟಲಿಯನ್ನು ತುಂಬಬಾರದು. ತುಂಬುವ ಯಂತ್ರದ ಜಾಲರಿಯನ್ನು ತೆಗೆದಿಟ್ಟು ಕೆಲಸ ಮಾಡಬಾರದು. ಗಾಜಿನ ಚೂರಿಗೆ ಮೊದಲು ಸಿಗುವುದು ಕಣ್ಣು.

ಜಾತ್ರೆಯಲ್ಲಿ ಸೋಡಾ ಗಾಡಿಯ ಪಕ್ಕದಲ್ಲಿಯೇ ಬಲೂನಿನವನೂ ನಿಂತಿರುತ್ತಾನೆ. ಅವನ ಬಳಿಯ ಸಿಲಿಂಡರಿನಲ್ಲಿ ಜಲಜನಕ ಇರುವುದುಂಟು. ಹಳೆಯ ಸಿಲಿಂಡರಿಗೆ ಅಲ್ಯೂಮಿನಿಯಂ ಚೂರು, ಕಾಸ್ಟಿಕ್ ಸೋಡಾ, ನೀರು ಹಾಕಿ ಅಲ್ಲಿಯೇ ಅನಿಲ ಹುಟ್ಟಿಸುವವರೂ ಇದ್ದಾರೆ. ಅದು ಒಂದು ಬೀಡಿಯ ಕಿಡಿಗೆ ಸ್ಫೋಟಿಸಬಲ್ಲದು. ಸಿಲಿಂಡರು ಎಂಬ ಹೆಸರೊಂದೇ ಆದರೂ ಒಳಗಿರುವುದು ಬೇರೆ. ಸೋಡಾ ಗಾಡಿಯನ್ನು ಅದರಿಂದ ದೂರ ಹಚ್ಚಬೇಕು, ಮಕ್ಕಳನ್ನೂ ದೂರ ನಿಲ್ಲಿಸಬೇಕು.

ಎಚ್ಚರಿಕೆ ಯಾವ ಭಾಷೆಯಲ್ಲಿ?

ಇಷ್ಟು ಹೇಳಿದ ಮೇಲೆ ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇವೆ. ಸಿಲಿಂಡರಿನ ಮೇಲಿನ ಬರಹ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ. ಅಂಗಡಿಯ ಕಾಗದಪತ್ರ ಇಲ್ಲಿ ಮರಾಠಿಯಲ್ಲಿ, ಅಲ್ಲಿ ಮಲಯಾಳದಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆಯ ಆಚೆ ಉಳಿದ ನಮ್ಮಂತಹ ಮನೆಗಳಲ್ಲಿ ವ್ಯವಹಾರಕ್ಕೆ ಬೇಕಾದಷ್ಟು ಪರಭಾಷೆಯನ್ನು ಗಂಡಸರು ಕಲಿತುಕೊಂಡಿದ್ದಾರೆ. ಮಕ್ಕಳೂ ಕಲಿಯುತ್ತಾರೆ, ಕಲಿಯಬೇಕು. ಆದರೆ ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಕುಳಿತಿರುವ ಅಜ್ಜಿಗೆ, ಹೊಸದಾಗಿ ಬಂದ ಸೊಸೆಗೆ, ಐದನೆಯ ತರಗತಿಯ ಹುಡುಗನಿಗೆ ಅರ್ಥವಾಗುವ ಅಕ್ಷರ ಕನ್ನಡದ್ದೇ. ಸಿಲಿಂಡರು ಸುಯ್ಯೆಂದು ಸದ್ದು ಮಾಡತೊಡಗಿದ ಗಳಿಗೆಯಲ್ಲಿ ಪಕ್ಕದಲ್ಲಿರುವವರು ಅವರೇ ಆಗಿರಬಹುದು. ಅವರಿಗೆ ತಿಳಿಯದ ಭಾಷೆಯಲ್ಲಿರುವ ಎಚ್ಚರಿಕೆ ಇಲ್ಲದ ಎಚ್ಚರಿಕೆಗೆ ಸಮಾನ.

ಮಾತೃಭಾಷೆಯ ಶಿಕ್ಷಣವೆಂದರೆ ಪದ್ಯ ಬಾಯಿಪಾಠ ಮಾಡುವುದಷ್ಟೇ ಎಂದು ನಮ್ಮವರಲ್ಲಿಯೂ ಕೆಲವರು ತಿಳಿದಿದ್ದಾರೆ. ಒತ್ತಡ, ಉಷ್ಣತೆ, ಅನಿಲ, ದ್ರವ ಎಂಬ ಶಬ್ದಗಳನ್ನು ಕನ್ನಡದಲ್ಲಿ ಓದಿದ ಒಂಬತ್ತನೆಯ ತರಗತಿಯ ಹುಡುಗಿ ಅದೇ ಸಂಜೆ ಮನೆಗೆ ಹೋಗಿ ಸಿಲಿಂಡರಿನ ಗುಣವನ್ನು ತಾಯಿಗೆ ವಿವರಿಸಬಲ್ಲಳು. ಆ ವಿವರಣೆಗೆ ನಡುವೆ ದುಭಾಷಿ ಬೇಕಾಗಿಲ್ಲ. ಕನ್ನಡ ಶಾಲೆ ಉಳಿಯಬೇಕೆನ್ನಲು ನಾವು ಸಭೆಗಳಲ್ಲಿ ಹೇಳುವ ಹಲವು ಕಾರಣಗಳ ಜೊತೆಗೆ ಇದೂ ಒಂದಿರಲಿ.

ಇದಕ್ಕೆ ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಒಂದು ತಗಡಿನ ತುಂಡು, ಒಂದಿಷ್ಟು ಬಣ್ಣ ಇದ್ದರೆ ಸಾಕು. ಶಾಲೆಯ ಮಕ್ಕಳಿಂದಲೇ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ ಸಿಲಿಂಡರಿನ ಹಿಂದಿನ ಗೋಡೆಗೆ ಹೊಡೆಯಬಹುದು. ಪಕ್ಕದಲ್ಲಿ ಊರಿನ ಇನ್ನೊಂದು ಭಾಷೆಯಲ್ಲಿಯೂ ಬರೆಯಿಸಿದರೆ ನೆರೆಯವರಿಗೂ ಉಪಕಾರ. ಬರೆಯಬೇಕಾದ ಸಾಲುಗಳನ್ನು ಇಲ್ಲಿ ಕೊಟ್ಟಿದ್ದೇವೆ. ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಬಹುದು.

ಇದು ಸೋಡಾ ಅನಿಲ. ಅಡುಗೆ ಅನಿಲವಲ್ಲ. ವಾಸನೆ ಇರುವುದಿಲ್ಲ.

ನೆರಳಿನಲ್ಲಿ, ನೆಟ್ಟಗೆ, ಸರಪಳಿ ಬಿಗಿದು ಇಡಿ.

ಬಾಗಿಲು ಮುಚ್ಚಿ ಇಲ್ಲಿ ಯಾರೂ ಮಲಗಬೇಡಿ.

ಬೆಂಕಿ, ಕುದಿನೀರು, ಸುತ್ತಿಗೆ ತಾಗಿಸಬೇಡಿ.

ಕೆಲಸ ಮುಗಿದ ಕೂಡಲೆ ವಾಲ್ವು ಮುಚ್ಚಿ, ಟೋಪಿ ಹಾಕಿ.

ಸದ್ದು ಮಾಡಿ ಸೋರಿದರೆ ಎಲ್ಲರೂ ಹೊರಗೆ ಬನ್ನಿ, ಆಮೇಲೆ 112ಕ್ಕೆ ಕರೆ ಮಾಡಿ.